ಸ್ಕೆಚ್ ಕಾಮಿಡಿ ನಟಿಯರು: ವಿಗ್ ಎಣಿಸಿದ್ರೆ ರೇಂಜ್ ಗೊತ್ತಾಗುತ್ತಾ?

ಅರ್ಧರಾತ್ರಿ_ಪ್ರೇಕ್ಷಕಿ

ನಿನ್ನೆ ಗೆಳತಿ ಜೊತೆ ಒಂದು ಗಂಟೆ ಜಗಳ ಆಡಿದ್ದೀನಿ, ಅದರ ಬಿಸಿ ಆರೋ ಮುಂಚೆ ಇಲ್ಲಿ ಹಾಕ್ತಿದ್ದೀನಿ. ವಿಷಯ ಇಷ್ಟೇ. ಟೀವಿ ಸ್ಕೆಚ್ ಕಾಮಿಡಿಯಲ್ಲಿ (ಪುಟ್ಟ ಪುಟ್ಟ ಪ್ರಹಸನಗಳ ಶೋ) ಯಾವ ನಟಿಯ ರೇಂಜ್ ದೊಡ್ಡದು? ಅವಳು ಪಟ್ಟಿ ಬರ್ಕೊಂಡೇ ಬಂದಿದ್ಲು. ಇಂಥವರಿಗೆ ಇಷ್ಟು ಪಾತ್ರ, ಇಷ್ಟು ಮಿಮಿಕ್ರಿ, ಇಷ್ಟು ಥರದ ಇಂಗ್ಲಿಷ್ ಉಚ್ಚಾರಣೆ. ಥೇಟ್ ಮಾರ್ಕ್ಸ್ ಕಾರ್ಡು.

ನನಗೆ ಒಪ್ಪಿಗೆ ಆಗಲಿಲ್ಲ. ನನ್ನ ಪರವಾಗಿ ಮಾಲಿ ಶಾನನ್ ಒಬ್ಬಳು ಸಾಕು. ಅಮೆರಿಕದ 'ಸ್ಯಾಟರ್ಡೇ ನೈಟ್ ಲೈವ್' (ಎಸ್‌ಎನ್‌ಎಲ್) ಶೋಗೆ 1995ರಲ್ಲಿ ಬಂದವಳು. ಅವಳ ಮೇರಿ ಕ್ಯಾಥರೀನ್ ಗ್ಯಾಲಗರ್ ಎಲ್ಲರಿಗೂ ಗೊತ್ತು: ಗಾಬರಿಯಾದ್ರೆ ಕಂಕುಳಲ್ಲಿ ಕೈ ತೂರಿಸಿ ಬೆರಳು ಮೂಸೋ ಶಾಲಾ ಹುಡುಗಿ, ಜೋಡಿಸಿಟ್ಟ ಕುರ್ಚಿಗಳ ಮೇಲೆ ದಢಾರ್ ಅಂತ ಬಿದ್ದು, ಎದ್ದು, ಕೈ ಮೇಲೆತ್ತಿ 'ಸೂಪರ್‌ಸ್ಟಾರ್' ಅನ್ನೋಳು. ಅದೇ ಶಾನನ್ 1998ರ ಡಿಸೆಂಬರಿನಲ್ಲಿ ಆನಾ ಗ್ಯಾಸ್ಟೈಯರ್ ಪಕ್ಕ ಕೂತು 'ಡೆಲಿಷಸ್ ಡಿಶ್' ಅನ್ನೋ ಕಾಲ್ಪನಿಕ ರೇಡಿಯೊ ಕಾರ್ಯಕ್ರಮ ನಡೆಸ್ತಾಳೆ. ಅತಿಥಿ ನಟ ಅಲೆಕ್ ಬಾಲ್ಡ್ವಿನ್. ಆಡೋ ಮಾತೆಲ್ಲ ದ್ವಂದ್ವಾರ್ಥ. ಇವರಿಬ್ಬರಿಗೂ ಅದರ ಸುಳಿವೇ ಇಲ್ಲ. ತೊಟ್ಟಿಲಲ್ಲಿ ಮಗು ಮಲಗಿರೋವಾಗ ಮಾತಾಡ್ತೀವಲ್ಲ, ಆ ದನಿ. ಒಂದು ಹುಬ್ಬು ಎತ್ತಿದ್ರೂ ಸ್ಕೆಚ್ ಅಲ್ಲೇ ಸತ್ತುಹೋಗ್ತಿತ್ತು.

ಲೆಕ್ಕಕ್ಕೆ ಇವು ಎರಡೇ ಪಾತ್ರ. ಆದರೆ ಒಂದರಿಂದ ಇನ್ನೊಂದಕ್ಕೆ ಎಷ್ಟು ದೂರ ನೋಡಿ. ನನ್ನ ಪ್ರಕಾರ ರೇಂಜ್ ಅಂದ್ರೆ ಆ ದೂರ. ನೀವೇನಂತೀರಿ? ಹೆಸರು ಹೇಳಿ, ಯಾಕೆ ಅಂತಾನೂ ಹೇಳಿ. ಬರೀ ಹೆಸರು ಬೇಡ.

ಒನ್_ಲೈನರ್

ಕೇಟ್ ಮೆಕಿನನ್. ಮುಗೀತು.

ಅರ್ಧರಾತ್ರಿ_ಪ್ರೇಕ್ಷಕಿ

@ಒನ್_ಲೈನರ್ 'ಬರೀ ಹೆಸರು ಬೇಡ' ಅನ್ನೋದು ಕೊನೇ ಸಾಲಲ್ಲೇ ಇತ್ತು ಗುರೂ.

ವಿಗ್_ಪೆಟ್ಟಿಗೆ

ವಿಗ್ ಬಗ್ಗೆ ಇಷ್ಟು ಹಗುರವಾಗಿ ಮಾತಾಡಿದ್ದಕ್ಕೆ ನನ್ನ ಪ್ರತಿಭಟನೆ ದಾಖಲಾಗಲಿ (ಹೆಸರು ನೋಡಿದ್ರಲ್ಲ).

ಟ್ರೇಸಿ ಉಲ್ಮನ್ ಇಲ್ಲದೆ ಈ ಚರ್ಚೆ ಶುರುವಾಗಿದ್ದೇ ತಪ್ಪು. 1987ರಿಂದ 1990ರವರೆಗೆ ಫಾಕ್ಸ್‌ನಲ್ಲಿ ತನ್ನದೇ ಹೆಸರಿನ ಶೋ. 'ಸಿಂಪ್ಸನ್ಸ್' ಹುಟ್ಟಿದ್ದು ಅದರೊಳಗಿನ ಪುಟ್ಟ ಕಾರ್ಟೂನ್ ತುಣುಕುಗಳಾಗಿ. ಜನ ಆ ಹಳದಿ ಸಂಸಾರವನ್ನ ನೆನಪಿಟ್ಕೊಂಡ್ರು, ಮನೆ ಕೊಟ್ಟ ಒಡತಿಯನ್ನ ಮರೆತರು. ಆಮೇಲೆ ಎಚ್‌ಬಿಒದಲ್ಲಿ 'ಟ್ರೇಸಿ ಟೇಕ್ಸ್ ಆನ್', 1996ರಿಂದ. 2016ರಲ್ಲಿ ಬಿಬಿಸಿಗೆ ಬಂದು ಜೂಡಿ ಡೆಂಚ್ ಆದ್ರು: ಹೋದಲ್ಲೆಲ್ಲ ಕಿತಾಪತಿ ಮಾಡಿ, ದೇಶವೇ ಪೂಜಿಸೋ ನಟಿ ಅನ್ನೋ ಕಾರಣಕ್ಕೆ ಸಿಕ್ಕಿಬೀಳದೆ ನಗ್ತಾ ಹೋಗೋ ಡೆಂಚ್. ಅದೇ ಶೋನಲ್ಲಿ ಆಂಗೆಲಾ ಮರ್ಕೆಲ್ ಕೂಡ ಅವರೇ.

ವಿಗ್, ಅಂಟಿಸಿದ ಮೂಗು, ಹಲ್ಲಿನ ಸೆಟ್ಟು, ಇವೆಲ್ಲ ಮೋಸ ಅಂದ್ಕೋಬೇಡಿ. ಹಲ್ಲಿನ ಸೆಟ್ ಹಾಕ್ಕೊಂಡ ತಕ್ಷಣ ತುಟಿ ಮುಚ್ಚೋ ರೀತಿ ಬದಲಾಗುತ್ತೆ, ದವಡೆ ಬದಲಾಗುತ್ತೆ, ಅಲ್ಲಿಂದ ಮಾತಿನ ಓಟವೇ ಬೇರೆ. ಉಲ್ಮನ್ ಮುಖಕ್ಕೆ ಹಚ್ಚಿದ್ದು ಹಿಮ್ಮಡಿವರೆಗೂ ಇಳೀತಿತ್ತು. ನಡಿಗೆ ನೋಡಿದ್ರೆ ಸಾಕು, ಯಾವ ಪಾತ್ರ ಅಂತ ಹೇಳಬಹುದು.

ನೇಪಥ್ಯ

ವಿಗ್_ಪೆಟ್ಟಿಗೆ ಅವರೇ, ಒಪ್ತೀನಿ, ಆದರೆ ಪೂರ್ತಿ ಅಲ್ಲ. ಅದೇ 'ಟೇಕ್ಸ್ ಆನ್'ನಲ್ಲಿ ಡೋನಟ್ ಅಂಗಡಿ ನಡೆಸೋ ಏಷ್ಯನ್ ಮುದುಕಿಯಾಗಿಯೂ ಉಲ್ಮನ್ ಬರ್ತಾರೆ. ಈಗ ಅದನ್ನ ನೋಡೋಕೆ ಕಷ್ಟ ಆಗುತ್ತೆ. ಬೇರೆ ಜನಾಂಗದವರ ಕಣ್ಣು, ಉಚ್ಚಾರಣೆ ಎರಡನ್ನೂ ವೇಷ ಮಾಡಿ ಹಾಕ್ಕೊಂಡಿದ್ದನ್ನ ಯಾವ ಖಾತೆಗೆ ಜಮಾ ಮಾಡೋದು? ಕೈಚಳಕ ಇದೆ, ಇಲ್ಲ ಅನ್ನಲ್ಲ. ನಗು ಮಾತ್ರ ಬರಲ್ಲ.

ವಿಗ್_ಪೆಟ್ಟಿಗೆ

ಆ ಪಾತ್ರಕ್ಕೆ ನನ್ನ ವಕಾಲತ್ತಿಲ್ಲ.

ಹಳೇ_ಆಂಟೆನಾ

ಮೊದಲು ಒಂದು ಸಣ್ಣ ಆಕ್ಷೇಪ. ಶಾನನ್ 'ಬಂದವಳು', 'ಅನ್ನೋಳು' ಅಂತ ಏಕವಚನ ಓದಿ ಕಿವಿ ಚುರ್ ಅಂತು. ಅಲೆಕ್ ಬಾಲ್ಡ್ವಿನ್ ಬಗ್ಗೆ ಬರೆಯುವಾಗ ಹೀಗೆ ಬರೀತೀರಾ ತಾಯಿ? ಸರಿ, ವಿಷಯಕ್ಕೆ ಬರುತ್ತೇನೆ.

ಕ್ಯಾರಲ್ ಬರ್ನೆಟ್. 1967ರಿಂದ 1978ರವರೆಗೆ ಸಿಬಿಎಸ್‌ನಲ್ಲಿ ತಮ್ಮದೇ ಹೆಸರಿನ ಶೋ, ಹನ್ನೊಂದು ಸೀಸನ್. ಆ ಶೋ ಹುಟ್ಟಿದ ಕತೆಯೇ ಒಂದು ಸ್ಕೆಚ್ಚು. ಅವರ ಕರಾರಿನಲ್ಲಿ ಒಂದು ಷರತ್ತಿತ್ತು: ಐದು ವರ್ಷದೊಳಗೆ ಅವರು ಕೇಳಿದರೆ ಚಾನೆಲ್ಲು ಒಂದೊಂದು ಗಂಟೆಯ ಮೂವತ್ತು ವೆರೈಟಿ ಶೋ (ಹಾಡು, ಕುಣಿತ, ಸ್ಕೆಚ್ಚು ಎಲ್ಲ ಸೇರಿದ್ದು) ಕೊಡಲೇಬೇಕು. ಗಡುವು ಮುಗಿಯುವ ಹೊತ್ತಿಗೆ ಫೋನ್ ಮಾಡಿ ಕೇಳಿದರೆ, 'ವೆರೈಟಿ ಶೋ ಗಂಡಸರ ಕೆಲಸ, ನಿಮಗೊಂದು ಸಂಸಾರದ ಸಿಟ್‌ಕಾಮ್ ಮಾಡೋಣ' ಎಂಬ ಧಾಟಿಯ ಉತ್ತರ ಬಂತಂತೆ. ಇದನ್ನು ಬರ್ನೆಟ್ ಅವರೇ ಎಷ್ಟೋ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಹಟ ಹಿಡಿದು ಷರತ್ತನ್ನೇ ಚಲಾಯಿಸಿದರು.

ಎಲ್ಲರಿಗೂ ನೆನಪಿರುವುದು 1976ರ ಆ ಪರದೆ ಗೌನಿನ ದೃಶ್ಯ. ಹಳೆಯ ಹಾಲಿವುಡ್ ಚಿತ್ರದ ಅಣಕು. ಕಿಟಕಿಯ ಪರದೆಯನ್ನು ಸರಳಿನ ಸಮೇತ ಹೆಗಲ ಮೇಲೆ ಹೊತ್ತು ಮೆಟ್ಟಿಲು ಇಳಿದು ಬರುತ್ತಾರೆ. ಸರಳನ್ನು ತೆಗೆಯದೆ ಹಾಗೇ ಬಿಟ್ಟದ್ದು ವಸ್ತ್ರವಿನ್ಯಾಸಕ ಬಾಬ್ ಮ್ಯಾಕಿಯ ಐಡಿಯಾ. ಅದು ದೊಡ್ಡ ನಗು, ನಿಜ. ಆದರೆ ನಾನು ಹೇಳಹೊರಟದ್ದು ಯೂನಿಸ್ ಬಗ್ಗೆ.

'ದ ಫ್ಯಾಮಿಲಿ' ಎಂಬ ಸರಣಿ ಸ್ಕೆಚ್. ಸದಾ ಕಚ್ಚಾಡುವ ಒಂದು ಮನೆ. ಬರಹಗಾರರು ತಾಯಿಯ ಪಾತ್ರವನ್ನು ಬರ್ನೆಟ್ ಅವರಿಗೆಂದೇ ಬರೆದು ತಂದಿದ್ದರು. ಇವರು ಮಗಳು ಯೂನಿಸ್ ಪಾತ್ರ ತಾವಿಟ್ಟುಕೊಂಡು, ತಾಯಿಯನ್ನು ತಮಗಿಂತ ಹದಿನಾರು ವರ್ಷ ಚಿಕ್ಕವರಾದ ವಿಕಿ ಲಾರೆನ್ಸ್ ಕೈಗೆ ಕೊಟ್ಟರು. ಯೂನಿಸ್ ಕಿರುಚುತ್ತಾಳೆ, ಸೋಲುತ್ತಾಳೆ, ಮತ್ತೆ ಕಿರುಚುತ್ತಾಳೆ. ಒಮ್ಮೆ ತಾಲೀಮಿನಲ್ಲಿ ಆ ಎಳೆದಾಡುವ ಉಚ್ಚಾರಣೆ, ಅಬ್ಬರ ಎಲ್ಲ ಬಿಟ್ಟು ಸುಮ್ಮನೆ ಮಾತನ್ನು ಮಾತಿನಂತೆ ಓದಿದಾಗ ಕರುಳು ಹಿಂಡುವ ನಾಟಕವೇ ಆಗಿಬಿಟ್ಟಿತೆಂದು ಬರ್ನೆಟ್ ಹೇಳಿದ್ದಾರೆ. ಅಂದರೆ ವಾರವಾರ ನಾವು ಬಿದ್ದು ಬಿದ್ದು ನಗುತ್ತಿದ್ದುದು ಒಂದು ದುಃಖದ ಕತೆಗೆ. ಅವಳು ಒಂದು ಗೆರೆ ಆಚೆ ಕಾಲಿಟ್ಟಿದ್ದರೆ ಅಳು, ಈಚೆಗಿದ್ದರೆ ನಗು. ಆ ಗೆರೆಯ ಮೇಲೆ ನಿಂತಿರುವುದೂ ರೇಂಜಿನಲ್ಲಿ ಬರುತ್ತದೋ ಇಲ್ಲವೋ?

(ಯೂನಿಸ್‌ಗೆ 'ಅವಳು' ಅಂದೆ. ಅದು ಪಾತ್ರ. ನಟಿಗಲ್ಲ.)

ಅರ್ಧರಾತ್ರಿ_ಪ್ರೇಕ್ಷಕಿ

ಸರ್, ಅದು ಪ್ರೀತಿಯ ಏಕವಚನ! ಆದರೂ ಬಾಲ್ಡ್ವಿನ್ ಪ್ರಶ್ನೆಗೆ ನನ್ನ ಹತ್ರ ಉತ್ತರ ಇಲ್ಲ. ಇನ್ಮೇಲೆ 'ಅವರು'.

ತಾಯಿ ಪಾತ್ರ ಬಿಟ್ಟುಕೊಟ್ಟ ಕತೆ ನನಗೆ ಗೊತ್ತೇ ಇರಲಿಲ್ಲ. ಎದ್ದು ಕಾಣೋ ಪಾತ್ರ ಅದೇ ಅಲ್ವಾ.

ಕಟುಸತ್ಯ

ಎಲ್ಲರೂ ಹೊಗಳ್ತಿದ್ದೀರಿ, ನಾನೊಬ್ಬ ಬೇರೆ ಮಾತು ಹೇಳ್ತೀನಿ, ಬೈಬೇಡಿ. ಒಂದೊಂದು ಶೋ ತಗೊಂಡು ನೋಡಿದ್ರೆ ಗಂಡಸರು ಅಧ್ಯಕ್ಷನಿಂದ ಅಜ್ಜಿವರೆಗೆ ಎಲ್ಲ ಮಾಡಿದ್ದಾರೆ. ಹೆಂಗಸರು ಹೆಂಡತಿ, ಅಮ್ಮ, ಕಚೇರಿಯ ಸೆಕ್ರೆಟರಿ, ಇನ್ನೊಬ್ಬ ನಟಿಯ ಮಿಮಿಕ್ರಿ. ಇದು ನನ್ನ ಅಭಿಪ್ರಾಯ ಅಲ್ಲ, ಪರದೆ ಮೇಲೆ ಕಾಣೋದು. ರೇಂಜ್ ಕಮ್ಮಿ ಅಂತ ಒಪ್ಕೊಳ್ಳೋಕೆ ಏನು ಕಷ್ಟ?

ನೇಪಥ್ಯ

ಕೊಟ್ಟಿದ್ದು ಕಮ್ಮಿ ಅನ್ನೋದಕ್ಕೂ ಇರೋದು ಕಮ್ಮಿ ಅನ್ನೋದಕ್ಕೂ ವ್ಯತ್ಯಾಸ ಇಲ್ವಾ ಸ್ವಾಮಿ?

ಬ್ರಿಟನ್ನಿನ ಕಾಮಿಡಿ ತಂಡ ಮಾಂಟಿ ಪೈಥಾನ್ ತಗೊಳ್ಳಿ. ಆರು ಜನ ಗಂಡಸರು. ಕೀರಲು ದನಿಯ ಹೆಂಗಸರ ಪಾತ್ರ ಎಲ್ಲ ಅವರೇ ಸೀರಿಯಸ್ಸಾಗಿ ಹಂಚ್ಕೊಂಡ್ರು. ತಂಡದ ಜೊತೆ ಸದಾ ಇದ್ದ ಕ್ಯಾರಲ್ ಕ್ಲೀವ್‌ಲ್ಯಾಂಡ್ ಪಾಲಿಗೆ ಹೆಚ್ಚಾಗಿ ಬಂದಿದ್ದು ಚೆಂದ ಕಾಣಬೇಕಾದ ಹುಡುಗಿಯ ಪಾತ್ರ. ಅವರಿಗೆ ಏನೇನು ಬರ್ತಿತ್ತು ಅಂತ ಗೊತ್ತಾಗೋ ಅವಕಾಶವೇ ಸಿಗಲಿಲ್ಲ.

ಡನಿಟ್ರಾ ವಾನ್ಸ್ ಹೆಸರು ಕೇಳಿದ್ದೀರಾ? 1985ರಲ್ಲಿ ಎಸ್‌ಎನ್‌ಎಲ್ ಸೇರಿದ ಕಪ್ಪು ನಟಿ, ಒಂದೇ ಸೀಸನ್ ಇದ್ದರು. ಸಿಗ್ತಿದ್ದಿದ್ದು ಎಂಥಾ ಪಾತ್ರ ಅಂತ ಅವರೇ ಅದೇ ವೇದಿಕೆ ಮೇಲೆ ಹಾಡಿ ತೋರಿಸಿದ್ರು: ಬರೀ ಕೆಲಸದವಳ ಪಾತ್ರ ಮಾಡೋ ನಟಿಯ ಹಾಡು. ತನ್ನನ್ನ ಕೂಡಿಹಾಕಿದ ಪೆಟ್ಟಿಗೆಯನ್ನೇ ಸ್ಕೆಚ್ ಮಾಡಿದ್ದು ಅದು.

ಮಾಯಾ ರುಡಾಲ್ಫ್ 2007ರಲ್ಲಿ ಬಿಟ್ಟ ಮೇಲೆ ಆ ಶೋನಲ್ಲಿ ಆರು ವರ್ಷ ಒಬ್ಬ ಕಪ್ಪು ನಟಿಯೂ ಇರಲಿಲ್ಲ. 2013ರ ನವೆಂಬರ್‌ನಲ್ಲಿ ಕಪ್ಪು ನಟಿ ಕೆರ್ರಿ ವಾಷಿಂಗ್ಟನ್ ಅತಿಥಿಯಾಗಿ ಬಂದಾಗ ಮೊದಲ ಸ್ಕೆಚ್ಚೇ ಇದರ ಮೇಲೆ. ಮಿಶೆಲ್ ಒಬಾಮಾ ಆಗಿ ನಿಂತಿದ್ದಾರೆ, 'ಓಪ್ರಾ ಬಂದಿದ್ದಾರೆ' ಅಂತ ಸುದ್ದಿ ಬರುತ್ತೆ, ಇವರೇ ಒಳಗೋಡಿ ಬಟ್ಟೆ ಬದಲಾಯಿಸಿ ಓಪ್ರಾ ಆಗಿ ಬರಬೇಕು. ಆಮೇಲೆ ಬಿಯಾನ್ಸೆ ಬಾಗಿಲಲ್ಲಿ! 2014ರ ಜನವರಿಯಲ್ಲಿ ಕಪ್ಪು ನಟಿ ಸಶೀರ್ ಜಮಾಟಾ ತಂಡಕ್ಕೆ ಬಂದ್ರು. ಒಬ್ಬಳೇ ಹೆಂಗಸು ಊರಿನ ಹೆಂಗಸರನ್ನೆಲ್ಲ ಮಾಡಬೇಕಾಗಿ ಬರೋದಕ್ಕೂ ನೀವು ರೇಂಜ್ ಅಂತೀರೋ, ಸಿಬ್ಬಂದಿ ಕೊರತೆ ಅಂತೀರೋ?

ಒನ್_ಲೈನರ್

ಸಿಬ್ಬಂದಿ ಕೊರತೆ 😂

ಕಟುಸತ್ಯ

ಸರಿ, ಅವಕಾಶದ ಮಾತು ಒಪ್ಪಿದೆ. ಆದರೆ ಈಗ ಅವಕಾಶ ಇದೆಯಲ್ಲ. ಎಸ್‌ಎನ್‌ಎಲ್‌ನಲ್ಲಿ ಮೆಕಿನನ್ ಗಂಡಸು ರಾಜಕಾರಣಿಗಳನ್ನೇ ಮಾಡಿದ್ರು: ಜೆಫ್ ಸೆಷನ್ಸ್ ಮಾಡಿದ್ರು, ರೂಡಿ ಜೂಲಿಯಾನಿ ಮಾಡಿದ್ರು. ಮೆಲಿಸ್ಸಾ ಮೆಕಾರ್ಥಿ 2017ರಲ್ಲಿ ಶ್ವೇತಭವನದ ವಕ್ತಾರ ಶಾನ್ ಸ್ಪೈಸರ್ ಆಗಿ ಆ ಭಾಷಣದ ಕಟಕಟೆಯನ್ನೇ ಪತ್ರಕರ್ತರ ಮೇಲೆ ನುಗ್ಗಿಸಿದ್ರು. ನಾನೂ ನಕ್ಕಿದ್ದೀನಿ. ನನ್ನ ತಕರಾರು ಏನಂದ್ರೆ, ಮೆಕಿನನ್ ಏನು ಮಾಡಿದ್ರೂ ಒಳಗೆ ಅದೇ ಮೆಕಿನನ್ ಇಣುಕ್ತಾರೆ. ಆ ಅಗಲ ಕಣ್ಣು, ಆ ತುಂಟತನ. ಅದನ್ನ ರೇಂಜ್ ಅನ್ನೋದು ಹೆಂಗೆ?

ಅರ್ಧರಾತ್ರಿ_ಪ್ರೇಕ್ಷಕಿ

ಕಟುಸತ್ಯ ಅವರು ಮೊದಲ ಸಲ ಕೆಲಸಕ್ಕೆ ಬರೋ ಮಾತು ಹೇಳಿದ್ದಾರೆ (ಬೈದಿಲ್ಲ, ನೋಡಿ). ಸ್ಕೆಚ್ಚಿನಲ್ಲಿ ನಟಿ ಪೂರ್ತಿ ಕರಗಿಹೋಗಬೇಕಾ, ಇಣುಕಬಹುದಾ?

ಮೆಕಿನನ್ ಬಗ್ಗೆ ನನಗೆ ಎರಡು ಮನಸ್ಸಿದೆ. 2015ರ ಡಿಸೆಂಬರಿನ ಆ ಅನ್ಯಗ್ರಹದ ಸ್ಕೆಚ್ಚಲ್ಲಿ ಮೂವರನ್ನ ಹೊತ್ಕೊಂಡು ಹೋಗಿ ವಾಪಸ್ ಬಿಟ್ಟಿರ್ತಾರೆ. ಇನ್ನಿಬ್ಬರಿಗೆ ಬೆಳಕು, ಆನಂದ, ದಿವ್ಯಾನುಭವ. ಇವರಿಗೆ ಮಾತ್ರ ಮರ್ಯಾದೆ ಇಲ್ಲದ ತಪಾಸಣೆ. ಕೈಯಲ್ಲಿ ಸಿಗರೇಟು, ಸರ್ಕಾರಿ ಕಚೇರಿಯಲ್ಲಿ ಕ್ಯೂ ನಿಂತು ಬಂದವರ ಥರ ವರದಿ ಒಪ್ಪಿಸ್ತಾರೆ. ಆ ಇಬ್ಬರಲ್ಲೊಬ್ಬರಾದ ರಯಾನ್ ಗಾಸ್ಲಿಂಗ್ ನಗು ತಡೆಯಲಾರದೆ ಕಣ್ಣೊರೆಸ್ಕೋತಾರೆ. ಅಲ್ಲಿ ಇಣುಕೋದು ಮೆಕಿನನ್ನೇ, ನಿಜ.

ಆದರೆ 2016ರ ಅಮೆರಿಕದ ಚುನಾವಣೆಯಲ್ಲಿ ಹಿಲರಿ ಕ್ಲಿಂಟನ್ ಸೋತ ವಾರ ಅವರದೇ ವೇಷದಲ್ಲಿ ಪಿಯಾನೋ ಮುಂದೆ ಕೂತು ಹಾಡಿದ್ರಲ್ಲ, ಒಂದೇ ಒಂದು ಜೋಕಿಲ್ಲದೆ? ಕಾಮಿಡಿ ಶೋ ಶುರುವಾಗಿದ್ದೇ ಹಾಗೆ. ಅದು ಸರಿಯಾ ತಪ್ಪಾ ಅನ್ನೋ ಜಗಳ ಬೇರೆ. ಹಾಡ್ತಾ ಇರೋದು ಹಿಲರಿಯಾ, ಮೆಕಿನನ್ನಾ ಅಂತ ನನಗೆ ಕೊನೆವರೆಗೂ ಗೊತ್ತಾಗಲಿಲ್ಲ.

ನೇಪಥ್ಯ

ಎಲ್ಲರೂ ನಗಿಸೋರ ಬಗ್ಗೆ ಮಾತಾಡ್ತಿದ್ದೀರಿ. ಪಕ್ಕದಲ್ಲಿ ನಗದೆ ಕೂತವರ ಕತೆ ಏನು?

ಕಾಲೇಜು ದಿನಗಳಲ್ಲಿ ಒಂದು ತಂಡದಲ್ಲಿ ನಾಲ್ಕು ವರ್ಷ ಕಿರುಪ್ರಹಸನ ಮಾಡಿದ್ದೀನಿ. ನನಗೆ ಯಾವಾಗಲೂ ಸಿಗ್ತಿದ್ದಿದ್ದು 'ಸ್ಟ್ರೇಟ್' ಪಾತ್ರ. ಹುಚ್ಚಾಟ ಆಡೋನು ಬೇರೆ, ನಾನು 'ಏನ್ರೀ ಇದು' ಅನ್ನೋಳು. ಮೊದಲ ವರ್ಷ ಅತ್ತಿದ್ದೀನಿ ಅದಕ್ಕೆ. ಎರಡನೇ ವರ್ಷ ಗೊತ್ತಾಯ್ತು, ನಾನು 'ಏನ್ರೀ ಇದು' ಅನ್ನೋದು ಅರ್ಧ ಉಸಿರು ಮುಂಚೆ ಬಂದ್ರೆ ಅವನ ನಗು ಸತ್ತಿತು, ಅರ್ಧ ಉಸಿರು ತಡವಾದ್ರೆ ಜನ ಆಗಲೇ ತಣ್ಣಗಾಗಿರ್ತಾರೆ. ನಗು ಅವನ ಹೆಸರಿಗೆ, ಗಡಿಯಾರ ನನ್ನ ಕೈಯಲ್ಲಿ.

ಅದಕ್ಕೇ ಜೇನ್ ಕರ್ಟಿನ್ ಅಂದ್ರೆ ನನಗೆ ಎದ್ದುನಿಲ್ಲಬೇಕು ಅನ್ಸುತ್ತೆ. 1975ರ ಮೊದಲ ಎಸ್‌ಎನ್‌ಎಲ್ ತಂಡ. ಗಿಲ್ಡಾ ರಾಡ್ನರ್ ಅವರ ಎಮಿಲಿ ಲಿಟೆಲಾ ಅಜ್ಜಿ ಶೋನ ಅಣಕು ಸುದ್ದಿ ಮೇಜಿಗೆ ಬಂದು, ಟೀವಿಯಲ್ಲಿ 'ವಯಲೆನ್ಸ್' ಜಾಸ್ತಿ ಅನ್ನೋದನ್ನ 'ವಯೊಲಿನ್' ಅಂತ ಕೇಳಿಸ್ಕೊಂಡು, ಮಕ್ಕಳು ವಯೊಲಿನ್ ನೋಡಿದ್ರೆ ಏನು ತಪ್ಪು ಅಂತ ಹರಿಹಾಯ್ತಾರೆ. ತಪ್ಪು ತಿಳಿಸಿದ ಮೇಲೆ 'ಹೋಗ್ಲಿ ಬಿಡಿ' ಅಂತ ಸಿಹಿಯಾಗಿ ನಗ್ತಾರೆ. ಆಗ ಸುದ್ದಿ ಓದ್ತಿದ್ದವರು ಚೆವಿ ಚೇಸ್. ಆಮೇಲಿನ ವರ್ಷಗಳಲ್ಲಿ ಗಿಲ್ಡಾ ಅವರೇ ರೋಸನ್ ರೋಸನಾಡಾನಾ ಆಗಿ ಬಂದು ಮೂಗು, ಬೆವರು ಅಂತೆಲ್ಲ ಅಸಹ್ಯದ ವರದಿ ಕೊಡೋವಾಗ ಪಕ್ಕದಲ್ಲಿ ಕರ್ಟಿನ್. ಕರ್ಟಿನ್ ಮುಖದ ಮೇಲೆ ಆ ತಣ್ಣನೆ ಮರ್ಯಾದೆ ಇಲ್ದೇ ಹೋಗಿದ್ರೆ ಗಿಲ್ಡಾ ಅವರ ಬೆಂಕಿ ಯಾವುದಕ್ಕೆ ತಾಗಬೇಕಿತ್ತು? ಅದೇ ಕರ್ಟಿನ್ ಮರುಕ್ಷಣ ತಲೆಗೆ ಶಂಕುವಿನಾಕಾರದ ಬುರುಡೆ ಹೊತ್ತು ಅನ್ಯಗ್ರಹದ ಗೃಹಿಣಿ.

ಅರ್ಧರಾತ್ರಿ_ಪ್ರೇಕ್ಷಕಿ

'ನಗು ಅವನ ಹೆಸರಿಗೆ, ಗಡಿಯಾರ ನನ್ನ ಕೈಯಲ್ಲಿ.' ಅಕ್ಕಾ, ಇದನ್ನ ನಾನು ಕದಿಯೋಳೇ.

ಮೂರನೇ_ಸಾಲು

ಅಟ್ಲಾಂಟಿಕ್‌ನ ಆಚೆ ದಡದಿಂದ ಯಾರೂ ಬಂದೇ ಇಲ್ಲವಲ್ಲ! ಉಲ್ಮನ್ ಬಿಟ್ಟರೆ.

ವಿಕ್ಟೋರಿಯಾ ವುಡ್ 1985ರಲ್ಲಿ ಬಿಬಿಸಿಗೆ 'ಆಸ್ ಸೀನ್ ಆನ್ ಟೀವಿ' ಮಾಡಿದರು. ಬರೆದದ್ದು ಪೂರ್ತಿ ಅವರೇ. ಶೋ ಅವರ ಹೆಸರಲ್ಲಿ, ಒಳ್ಳೊಳ್ಳೆ ಮಾತು ಮಾತ್ರ ಬೇರೆಯವರ ಬಾಯಲ್ಲಿ. ಜೂಲಿ ವಾಲ್ಟರ್ಸ್ ಮುದಿ ವೇಟ್ರೆಸ್ ಆಗಿ ಬರುವ 'ಟೂ ಸೂಪ್ಸ್' ನೋಡಿ. ಗಂಡ ಹೆಂಡತಿಗೆ ಅವಸರ. ಅಜ್ಜಿ ಅಡುಗೆ ಮನೆ ಬಾಗಿಲಿಂದ ಮೇಜಿನ ತನಕ ನಡೆಯುವುದೇ ಒಂದು ಪ್ರಯಾಣ. ಆರ್ಡರ್ ಮರೆತು ಮತ್ತೆ ಮತ್ತೆ ವಾಪಸ್. ಆಗ ವಾಲ್ಟರ್ಸ್‌ಗೆ ಇನ್ನೂ ಮೂವತ್ತೈದರ ಆಸುಪಾಸು! ಅದೇ ಶೋನಲ್ಲಿ ಪೆಟ್ರೀಷಿಯಾ ರೌಟ್‌ಲೆಜ್ ಕಿಟ್ಟಿ ಆಗಿ ಸುಮ್ಮನೆ ಕೂತು ಕ್ಯಾಮೆರಾ ಕಡೆ ಮಾತಾಡುತ್ತಾರೆ. ಎದ್ದು ನಿಲ್ಲುವುದೂ ಇಲ್ಲ. ಜಂಬವೆಲ್ಲ ಕತ್ತಿನಲ್ಲಿ.

ಫ್ರೆಂಚ್ ಅಂಡ್ ಸಾಂಡರ್ಸ್ ಬಗ್ಗೆ ಒಂದೇ ಮಾತು: ಗಂಡಸರು ಹೆಂಗಸರ ವೇಷ ಹಾಕಿದ್ದನ್ನೇ ನೋಡಿ ಬೇಸತ್ತಿದ್ದರೆ, ಇವರಿಬ್ಬರು ಹೊಟ್ಟೆ ಬಿಟ್ಟುಕೊಂಡು ಕೂತು ಜೊಲ್ಲು ಸುರಿಸುವ ಮುದುಕರಾಗಿದ್ದನ್ನು ಹುಡುಕಿ ನೋಡಿ. ಅವರ ಒಂದು ತಾಯಿ ಮಗಳ ಸ್ಕೆಚ್ಚೇ ಬೆಳೆದು 1992ರಲ್ಲಿ 'ಆಬ್‌ಸಲ್ಯೂಟ್ಲಿ ಫ್ಯಾಬುಲಸ್' ಎಂಬ ಸಿಟ್‌ಕಾಮ್ ಆಯಿತು.

ವಿಗ್_ಪೆಟ್ಟಿಗೆ

'ಗುಡ್‌ನೆಸ್ ಗ್ರೇಷಸ್ ಮಿ' ಬಿಟ್ರಲ್ಲ! ಬ್ರಿಟನ್ನಿನ ಭಾರತೀಯ ಮೂಲದವರ ಸ್ಕೆಚ್ ಶೋ, 1998ರಲ್ಲಿ ಬಿಬಿಸಿ ಟೀವಿಗೆ ಬಂತು. ಮೀರಾ ಸಯಾಲ್, ನೀನಾ ವಾಡಿಯಾ. ಇಂಗ್ಲಿಷ್ ಹೋಟೆಲಿಗೆ ಕುಡಿದು ಹೋಗಿ, ಇರೋದ್ರಲ್ಲಿ ಸಪ್ಪೆಯಾದದ್ದು ಕೊಡಿ ಅಂತ ವೇಟರ್‌ನ ಗೋಳು ಹೊಯ್ಕೊಳ್ಳೋ ಸ್ಕೆಚ್ ಎಲ್ಲರೂ ನೋಡಿರ್ತೀರಿ. ಏನು ಕೊಂಡುಕೊಳ್ಳೋಕೆ ಹೋದ್ರೂ 'ಇದನ್ನ ನಾನು ಮನೇಲೇ ಮಾಡ್ತೀನಿ, ಕಾಸಿಲ್ಲದೆ' ಅನ್ನೋ ವಾಡಿಯಾ ಅವರ ಅಮ್ಮ ಅಂತೂ ನನಗೆ ಖಾಸಾ ಸಂಬಂಧಿಕಳು.

ಕಟುಸತ್ಯ

ಅದು ಒಂದೇ ತಂತಿ ಮೀಟೋ ಪಾತ್ರ ಅಲ್ವಾ ಮತ್ತೆ? ಒಂದೇ ಡೈಲಾಗು, ವಾರ ವಾರ.

ಮೂರನೇ_ಸಾಲು

ಅಲ್ಲೇ ಇರುವುದು ಗಂಟು, ಕಟುಸತ್ಯ. ನಾನು ಬರೆಯಬೇಕೆಂದಿದ್ದೇ ಅದು.

ಕ್ಯಾಥರೀನ್ ಟೇಟ್ ತಗೊಳ್ಳಿ. 2004ರಲ್ಲಿ ಶೋ ಶುರು. ಲಾರೆನ್ ಎಂಬ ಉಡಾಳ ಶಾಲಾ ಹುಡುಗಿಯ 'ನಂಗೇನು' ಎನ್ನುವ ಆ ಒಂದು ಮಾತು, 'ಬಾವರ್ಡ್', 2006ರಲ್ಲಿ ಆಕ್ಸ್‌ಫರ್ಡ್ ನಿಘಂಟಿನವರ ವರ್ಷದ ಪದವಾಯಿತು. ಮರುವರ್ಷ ಪ್ರಧಾನಿಯಾಗಿದ್ದ ಟೋನಿ ಬ್ಲೇರ್ ಸಹಾಯಾರ್ಥ ಕಾರ್ಯಕ್ರಮದ ಸ್ಕೆಚ್ಚಿನಲ್ಲಿ ಅದೇ ಮಾತನ್ನು ಲಾರೆನ್‌ಗೇ ತಿರುಗಿಸಿ ಅಂದರು. ಅದೇ ಟೇಟ್ 'ನ್ಯಾನ್' ಎಂಬ ಬಾಯಿ ಹರಕು ಅಜ್ಜಿ ಕೂಡ. ಎದುರಿಗೆ ಬಂದವರನ್ನು ಬೆಣ್ಣೆ ಹಚ್ಚಿ ಮಾತಾಡಿಸಿ, ಬಾಗಿಲು ಮುಚ್ಚಿದ್ದೇ ತಡ ಜನ್ಮ ಜಾಲಾಡುವವಳು. ಹದಿನೈದರ ಹುಡುಗಿ, ಎಂಬತ್ತರ ಮುದುಕಿ. ಎರಡೂ ಸೊಗಸು. ಆದರೆ ಎರಡೂ ಮತ್ತೆ ಮತ್ತೆ ಬಂದದ್ದರಿಂದಲೇ ನಮಗೆ ಗೊತ್ತು.

ಈಗ 'ಸ್ಮ್ಯಾಕ್ ದ ಪೋನಿ'. ಚಾನೆಲ್ 4, 1999ರಿಂದ 2003. ಫಿಯೋನಾ ಆಲನ್, ಡೂನ್ ಮೆಕಿಕನ್, ಸ್ಯಾಲಿ ಫಿಲಿಪ್ಸ್. ಅಂತಾರಾಷ್ಟ್ರೀಯ ಎಮ್ಮಿ ಬಂತು. ಜೋಡಿ ಹುಡುಕುವವರ ವಿಡಿಯೊ ತುಣುಕುಗಳನ್ನು ಬಿಟ್ಟರೆ ಬಹುಪಾಲು ಸ್ಕೆಚ್ ಒಂದೇ ಸಲ ಬಂದು ಹೋಗುತ್ತವೆ. ಅರ್ಧ ನಿಮಿಷ, ಒಂದು ನಿಮಿಷ. ಎಲ್ಲರೂ ಮಾಮೂಲಿ ಹೆಂಗಸರು, ಮಾಮೂಲಿ ಬಟ್ಟೆ, ಒಳಗೆ ಒಂದು ಸ್ಕ್ರೂ ಮಾತ್ರ ಸಡಿಲ. ವಾರಕ್ಕೆ ಒಬ್ಬೊಬ್ಬರು ಎಷ್ಟು ಮನುಷ್ಯರಾಗುತ್ತಿದ್ದರೋ! ಈಗ ಹೇಳಿ, ಅದರಲ್ಲಿ ಒಂದು ಪಾತ್ರದ ಹೆಸರು ಯಾರಿಗಾದರೂ ನೆನಪಿದೆಯಾ?

ಒನ್_ಲೈನರ್

ಇಲ್ಲ.

ಅರ್ಧರಾತ್ರಿ_ಪ್ರೇಕ್ಷಕಿ

ಇಲ್ಲ. ಅಯ್ಯೋ, ಅಷ್ಟು ಇಷ್ಟಪಟ್ಟು ನೋಡಿದ್ದೆ.

ಹಳೇ_ಆಂಟೆನಾ

ಇದಕ್ಕೆ ಸರಿಯಾದ ಸಾಕ್ಷಿ ಲರೇನ್ ನ್ಯೂಮನ್. 1975ರ ಅದೇ ಮೊದಲ ತಂಡ. ಗಿಲ್ಡಾ, ಜೇನ್ ಇಬ್ಬರ ಹೆಸರೂ ಇಲ್ಲಿ ಆಗಲೇ ಬಂತು, ಮೂರನೆಯವರದು ಈವರೆಗೆ ಬರಲಿಲ್ಲ ನೋಡಿ. ಲಾಸ್ ಏಂಜಲಿಸ್‌ನ 'ಗ್ರೌಂಡ್ಲಿಂಗ್ಸ್' ತಂಡವನ್ನು ಕಟ್ಟಿದವರಲ್ಲೊಬ್ಬರು. ದನಿಯಲ್ಲಿ ಅವರು ಹೋಗದ ಜಾಗವಿಲ್ಲ. ಆದರೆ ಒಂದೇ ಪಾತ್ರವನ್ನು ತಿರುಗಿ ತಿರುಗಿ ಮಾಡುವುದು ಅವರಿಗೆ ಬೇಡವಾಗಿತ್ತು, ಪ್ರತಿ ಸಲ ಹೊಸದು ಬೇಕಿತ್ತು. ಗಿಲ್ಡಾ ತಮ್ಮ ಅಜ್ಜಿಯನ್ನೂ ರೋಸನ್‌ಳನ್ನೂ ಮತ್ತೆ ಮತ್ತೆ ಕರೆತಂದರು. ಜನ ಅವರನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡರು. ನ್ಯೂಮನ್ ಹೆಸರು ಹೇಳಿದರೆ ಇವತ್ತು ಹತ್ತರಲ್ಲಿ ಎಂಟು ಜನ 'ಯಾರು?' ಎನ್ನುತ್ತಾರೆ.

ಗಿಲ್ಡಾರಲ್ಲಿ ರೇಂಜ್ ಇರಲಿಲ್ಲ ಎಂದಲ್ಲ. ಮಲಗುವ ಕೋಣೆಯಲ್ಲಿ ಒಬ್ಬಳೇ ಮಂಚದ ಮೇಲೆ ಕುಣಿದು ತನಗೆ ತಾನೇ ಟೀವಿ ಶೋ ನಡೆಸುವ ಪುಟ್ಟ ಜೂಡಿ ಮಿಲ್ಲರ್ ಪಾತ್ರ ನೋಡಿದವರಿಗೆ ಅದು ಗೊತ್ತು. ನಾನು ಹೇಳುವುದಿಷ್ಟೇ: ಟೀವಿಯಲ್ಲಿ ನೆನಪು ಉಳಿಯುವುದು ಪುನರಾವರ್ತನೆಗೆ. ರೇಂಜ್ ಇರುವುದು ಪುನರಾವರ್ತನೆ ಇಲ್ಲದ ಕಡೆ. ಎರಡೂ ಒಂದಕ್ಕೊಂದು ವೈರಿ.

ವಿಗ್_ಪೆಟ್ಟಿಗೆ

ವೈರಿ ಅನ್ನೋದು ಜಾಸ್ತಿ ಆಯ್ತು ಸರ್. ಲಿಲಿ ಟಾಮ್ಲಿನ್? 1969ರಲ್ಲಿ 'ಲಾಫ್ ಇನ್' ಅನ್ನೋ ಅಮೆರಿಕದ ಕಾಮಿಡಿ ಶೋಗೆ ಸೇರಿದ್ರು. ಟೆಲಿಫೋನ್ ಆಪರೇಟರ್ ಅರ್ನೆಸ್ಟೀನ್: ಮೂಗಿನಿಂದ ಗೊರಕೆ ಥರದ ನಗು, ಬ್ಲೌಸಿನೊಳಗೆ ಕೈ ಹಾಕಿ ಸರಿ ಮಾಡ್ಕೊಳ್ಳೋ ಗತ್ತು, ಇಡೀ ಕಂಪನಿ ತನ್ನ ಬೆನ್ನಿಗಿದೆ ಅನ್ನೋ ದರ್ಪ. ಇನ್ನೊಂದು ಕಡೆ ಈಡಿತ್ ಆನ್, ಐದೂವರೆ ವರ್ಷದ ಮಗು. ಅದಕ್ಕೆ ವಿಗ್ ಕೂಡ ಮುಖ್ಯ ಅಲ್ಲ (ನಾನೇ ಹೇಳ್ತಿದ್ದೀನಿ!), ದೈತ್ಯ ಗಾತ್ರದ ತೂಗು ಕುರ್ಚಿ ಮಾಡಿಸಿ ಅದರಲ್ಲಿ ಕೂರಿಸಿದ್ರು. ಕಾಲು ನೆಲಕ್ಕೆ ಎಟುಕಲ್ಲ. ಕುರ್ಚಿ ದೊಡ್ಡದಾಗಿದ್ದಕ್ಕೆ ನಟಿ ಮಗುವಾದ್ರು. ಎರಡು ಪಾತ್ರಾನೂ ಸಾವಿರ ಸಲ ಬಂದಿರಬೇಕು, ಪ್ರತಿ ಸಲ ಹೊಸ ಸಂಗತಿ ಕಾಣ್ತಿತ್ತು. ಪುನರಾವರ್ತನೆ ಒಳಗೂ ಆಳಕ್ಕೆ ಇಳೀಬಹುದು.

ಹಳೇ_ಆಂಟೆನಾ

ಟಾಮ್ಲಿನ್ ವಿಷಯದಲ್ಲಿ ಸೋತೆ. ಬಾಕಿ ವಾದ ಹಾಗೇ ಇಟ್ಟುಕೊಂಡಿರುತ್ತೇನೆ.

ನೇಪಥ್ಯ

ಪುನರಾವರ್ತನೆ ಯಾಕೆ ಬರುತ್ತೆ ಅನ್ನೋದಕ್ಕೆ ಕೆಲಸದ ರೀತಿನೂ ಕಾರಣ. ಎಸ್‌ಎನ್‌ಎಲ್‌ನಲ್ಲಿ ಮಂಗಳವಾರ ರಾತ್ರಿಯಿಡೀ ಬರೀತಾರೆ. ಬುಧವಾರ ಎಲ್ಲರೂ ಮೇಜಿನ ಸುತ್ತ ಕೂತು ನಲವತ್ತರಷ್ಟು ಸ್ಕೆಚ್ ಓದ್ತಾರೆ. ಅದರಲ್ಲಿ ಕಾಲು ಭಾಗ ಗಾಳಿಗೆ ಬಂದ್ರೆ ಹೆಚ್ಚು. ಶನಿವಾರ ಜನರ ಮುಂದೆ ಡ್ರೆಸ್ ರಿಹರ್ಸಲ್, ಅಲ್ಲಿ ನಗು ಬರದಿದ್ದು ಕಟ್. ಹನ್ನೊಂದೂವರೆಗೆ ನೇರಪ್ರಸಾರ. ಡೈಲಾಗು ಕೊನೇ ಗಳಿಗೆವರೆಗೂ ಬದಲಾಗೋದ್ರಿಂದ ಕೈಬರಹದ ಕ್ಯೂ ಕಾರ್ಡ್ ನೋಡಿ ಹೇಳಬೇಕು. ಇಷ್ಟರ ನಡುವೆ ಹೋದ ತಿಂಗಳು ಗೆದ್ದ ಪಾತ್ರ ಕೈಯಲ್ಲಿದ್ರೆ ಮೇಜಿನ ಮೇಲೆ ಅದನ್ನೇ ಇಡೋಣ ಅನ್ಸಲ್ವಾ? ನಿಮ್ಮ ಕೈ ಹಿಡಿದು ಬರೆಯೋ ಒಬ್ಬರು ಆ ಕೋಣೆಯಲ್ಲಿ ಇರಬೇಕು. ಟೀನಾ ಫೇ 1999ರಲ್ಲಿ ಮುಖ್ಯ ಬರಹಗಾರ್ತಿ ಆದ್ರು, ಆ ಶೋನಲ್ಲಿ ಆ ಕುರ್ಚಿಗೆ ಬಂದ ಮೊದಲ ಹೆಂಗಸು. ಅಲ್ಲಿಂದ ಏಮಿ ಪೋಲರ್, ರೇಚಲ್ ಡ್ರ್ಯಾಚ್, ರುಡಾಲ್ಫ್ ಇವರಿಗೆಲ್ಲ ಸಿಕ್ಕ ಪಾತ್ರಗಳನ್ನ ಹಿಂದಿನವರ ಪಾತ್ರಗಳ ಪಕ್ಕ ಇಟ್ಟು ನೋಡಿ.

ಒನ್_ಲೈನರ್

ಡ್ರ್ಯಾಚ್ ಅಂದ್ರೆ ಡೆಬಿ ಡೌನರ್. 2004. ಡಿಸ್ನಿ ವರ್ಲ್ಡ್. ಎಲ್ಲರೂ ಖುಷಿಯಾಗಿರೋವಾಗ 'ಬೆಕ್ಕುಗಳಿಗೆ ಬರೋ ರೋಗ' ಶುರು ಮಾಡ್ತಾಳೆ, ಹಿಂದೆ ಟ್ರಾಂಬೋನ್ 'ವಾಂ ವಾಂ'. ಕ್ಯಾಮೆರಾ ಮುಖದ ಹತ್ತಿರ ಬಂದಾಗ ಅವರಿಗೇ ನಗು ತಡೆಯೋಕೆ ಆಗಲ್ಲ. ಪ್ರಪಂಚದ ಬೆಸ್ಟ್ ಸ್ಕೆಚ್. (ನೋಡಿ, ಆರು ವಾಕ್ಯ ಬರೆದೆ.)

ಕಟುಸತ್ಯ

ಅದು ನಟಿ ಸೋತ ಕ್ಷಣ ರೀ! ಪಾತ್ರ ಮುರೀತು. 2023ರಲ್ಲಿ ಎಗೊ ನ್ವೋಡಿಮ್ ಮಾಡಿದ 'ಲೀಸಾ' ನೋಡಿ. ಗಟ್ಟಿ ಮಾಂಸ ಕುಯ್ತಾ ಇಡೀ ಮೇಜು ಅಲ್ಲಾಡಿಸ್ತಾರೆ, ಪೆಡ್ರೊ ಪಾಸ್ಕಲ್ ಸೇರಿ ಸುತ್ತ ಇರೋರೆಲ್ಲ ನಕ್ಕು ನೀರಾಗ್ತಾರೆ, ಆಕೆ ಕುಯ್ಯೋದು ಬಿಡಲ್ಲ. ಅದು ಹಿಡಿತ.

ಅರ್ಧರಾತ್ರಿ_ಪ್ರೇಕ್ಷಕಿ

ಕಟುಸತ್ಯ ಅವರು ಒಬ್ಬ ನಟಿಯನ್ನ ಹೊಗಳಿದ್ದು ಎಲ್ಲರೂ ನೋಡಿದ್ರಿ ತಾನೆ. ಸ್ಕ್ರೀನ್‌ಶಾಟ್ ತೆಗ್ದಿದ್ದೀನಿ.

ಮೂರನೇ_ಸಾಲು

ಇಷ್ಟು ದೂರ ಬಂದು ಜಾನ್ ಹುಕ್ಸ್ ಹೆಸರು ಬರದಿದ್ದರೆ ಪಾಪ ತಟ್ಟುತ್ತದೆ. 1986ರಿಂದ 1991ರವರೆಗೆ ಎಸ್‌ಎನ್‌ಎಲ್. ಮಸ್ಕರಾ ಕರಗಿಸಿಕೊಂಡು ಅಳುವ ಟೀವಿ ಪ್ರಚಾರಕಿ ಟ್ಯಾಮಿ ಫೇ ಬೇಕರ್ ಆಗುತ್ತಿದ್ದರು, ನೋರಾ ಡನ್ ಜೊತೆ ಹಲ್ಲು ಕಿಸಿದು ಹಾಡುವ ಸ್ವೀನಿ ಸಹೋದರಿ ಆಗುತ್ತಿದ್ದರು, ತಲೆ ಬೋಳಿಸಿದ ಗಾಯಕಿ ಶಿನೇಡ್ ಓಕಾನರ್ ಆಗುತ್ತಿದ್ದರು. ಅಷ್ಟೆಲ್ಲ ಆಗಿ 1990ರಲ್ಲಿ ಬಾಲ್ಡ್ವಿನ್ ಬಂದ ವಾರ ಬ್ರೆಂಡಾ ಎಂಬ ವೇಟ್ರೆಸ್ ಆದರು. ಆ ಸ್ಕೆಚ್ಚಲ್ಲಿ ಒಬ್ಬ ಗಿರಾಕಿ, ಒಬ್ಬ ವೇಟ್ರೆಸ್, ಅರ್ಧಕ್ಕೆ ನಿಲ್ಲುವ ಮಾತು. ಜನ ನಗಬೇಕೋ ಬೇಡವೋ ತಿಳಿಯದೆ ಕಾಯುತ್ತಾರೆ.

ಹುಕ್ಸ್ 2014ರ ಅಕ್ಟೋಬರ್ 9ರಂದು ತೀರಿಕೊಂಡರು. ಎರಡು ದಿನ ಬಿಟ್ಟು ಶೋನವರು ಅವರ ನೆನಪಿಗೆ ಹಾಕಿದ್ದು ನಗುವ ಸ್ಕೆಚ್ಚನ್ನಲ್ಲ. 1988ರ ಒಂದು ಕಿರುಚಿತ್ರ: ಬ್ಯಾಂಕಿನ ಲಾಕರ್ ಕೋಣೆಯಲ್ಲಿ ಒಬ್ಬಂಟಿ ಹೆಂಗಸು ಕಿರೀಟ ತೊಟ್ಟು ಸಹನಟ ಫಿಲ್ ಹಾರ್ಟ್‌ಮನ್ ಜೊತೆ ನರ್ತಿಸುವ ಕನಸು. ಅದರಲ್ಲಿ ಜೋಕು ಹುಡುಕಬೇಡಿ.

ಅರ್ಧರಾತ್ರಿ_ಪ್ರೇಕ್ಷಕಿ

ಮೂರನೇ_ಸಾಲು ಅವರ ಪೋಸ್ಟ್ ಓದಿ ನಿನ್ನೆ ರಾತ್ರಿ ಎರಡೂ ನೋಡಿದೆ. ಬ್ರೆಂಡಾ ಸ್ಕೆಚ್ಚನ್ನ ಎರಡು ಸಲ. ಆಕೆ ಕಾಫಿ ಸುರಿಯೋವಾಗ ಮುಖದಲ್ಲಿ ಏನೂ ಮಾಡ್ತಿಲ್ಲ, ಆದ್ರೂ ಇವಳ ಹಿಂದಿನ ಹತ್ತು ವರ್ಷ ಕಾಣುತ್ತೆ.

ಗೆಳತಿಗೂ ಕಳಿಸಿದೆ, ಹೆಸರು ಹೇಳದೆ. ಆಮೇಲೆ ಟ್ಯಾಮಿ ಫೇ ಕಳಿಸಿದೆ. ಆಮೇಲೆ ಸ್ವೀನಿ ಸಿಸ್ಟರ್ಸ್. ಅರ್ಧ ಗಂಟೆ ಬಿಟ್ಟು ಮೆಸೇಜ್ ಬಂತು: 'ಮೂರೂ ಚೆನ್ನಾಗಿದೆ. ಯಾರು ಇವರು ಮೂವರು?'

ನೇಪಥ್ಯ

ಒಬ್ಬರೇ ಅಂತ ಹೇಳಿದ್ಯಾ?

ಅರ್ಧರಾತ್ರಿ_ಪ್ರೇಕ್ಷಕಿ

ಹೇಳ್ದೆ ಅಕ್ಕ. ಸ್ವಲ್ಪ ಹೊತ್ತು ಸುಮ್ಮನಿದ್ಲು. ಆಮೇಲೆ ಪಟ್ಟಿಯಲ್ಲಿ ಬರ್ಕೊಂಡ್ಲು, ಮೂರು ಮಾರ್ಕ್ಸ್ ಹಾಕಿ.